ಹೇಳಿದರ ಸಾಲಿ ಬಿಡಸ್ತಾರ

ಬಬಲೇಶ್ವರ ತಾಲ್ಲೂಕಿನ ಮಮದಾಪುರದ ಕಡೆ ಎಷ್ಟೋ ಕುಟುಂಬಗಳು ಊರೊಳಗಿಲ್ಲ, ತೋಟದ ವಸ್ತಿಗಳಲ್ಲಿವೆ. ಅಲ್ಲಿಂದ ಹೈಸ್ಕೂಲಿಗೆ ಬರುವ ಎಂಟನೇ, ಒಂಬತ್ತನೇ ತರಗತಿಯ ಹುಡುಗಿಗೆ ದಾರಿಯಲ್ಲಿ ಯಾರೋ ಬೈಕಿನವರು ಬೆನ್ನು ಹತ್ತಿದರೆ, ಆಕೆ ಅದನ್ನು ಗೆಳತಿಗೆ ಹೇಳುತ್ತಾಳೆ. ಅವ್ವನಿಗೆ ಹೇಳುವುದಿಲ್ಲ. ಯಾಕವ್ವಾ ಎಂದರೆ ನಮ್ಮ ಭಾಗದಲ್ಲಿ ಸಿಗುವ ಉತ್ತರ: “ಹೇಳಿದರ ಸಾಲಿ ಬಿಡಸ್ತಾರ್ರಿ.”

ಮಕ್ಕಳು ಮನೆಯಲ್ಲಿ ಬಾಯಿ ಬಿಡುವುದಿಲ್ಲ ಎಂದು ಕೊರಗುವ ತಂದೆ ತಾಯಿ ಈ ಮಾತನ್ನು ಕಿವಿಗೊಟ್ಟು ಕೇಳಬೇಕು. ಹುಡುಗಿ ಸರಿಯಾಗಿಯೇ ಲೆಕ್ಕ ಹಾಕಿದ್ದಾಳೆ. ಕಾಡಿದವನು ಮರುದಿನವೂ ಬೈಕು ಹತ್ತುತ್ತಾನೆ. ಪಾಟಿಚೀಲ ಕೆಳಗಿಡುವವಳು ತಾನು. ಆಮೇಲೆ ವರ ನೋಡುವ ಮಾತು. ಹದಿನೆಂಟು ತುಂಬದವಳ ಮದುವೆಯನ್ನು 2006ರ ಕಾಯ್ದೆ ನಿಷೇಧಿಸಿದೆ, 1098 ಮಕ್ಕಳ ಸಹಾಯವಾಣಿ ಇದೆ, ಎಲ್ಲ ನಿಜ. ಆದರೆ ಖರೆ ಹೇಳಿದ್ದಕ್ಕೆ ಮನೆಯಲ್ಲೇ ಶಿಕ್ಷೆ ಎಂದು ತಿಳಿದ ಮಗು ಹೊರಗಿನವರ ನಂಬರು ಒತ್ತುವ ಧೈರ್ಯ ಎಲ್ಲಿಂದ ತಂದೀತು?

ಅಪ್ಪನ ಹೆದರಿಕೆಯೂ ಸುಳ್ಳಲ್ಲ. ನಾಲ್ಕು ಮಂದಿ ಏನಂದಾರು ಎಂಬುದು ಹಳ್ಳಿಯಲ್ಲಿ ಸಣ್ಣ ಮಾತಲ್ಲ. ಆದರೂ ಆ ಹೆದರಿಕೆಯ ಬೆಲೆ ಮಗಳೇ ತೆರಬೇಕೆನ್ನುವುದು ಅನ್ಯಾಯ. ಆಕೆ ಮೊದಲ ಸಲ ಬಾಯಿಬಿಟ್ಟ ದಿನ “ಹೇಳಿದ್ದು ಚಲೋ ಆತು, ನಿನ್ನ ಸಾಲಿ ಬಿಡಸಂಗಿಲ್ಲ” ಎಂಬ ಮಾತು ಬರಬೇಕು. ನಾಳೆ ದಾರಿಯಲ್ಲಿ ಜೊತೆಗೆ ಯಾರು, ಹೆಡ್‌ಮಾಸ್ತರಿಗೆ ಹೇಳುವವರು ಯಾರು ಎಂಬುದೆಲ್ಲ ಆಮೇಲೆ.

ಹುಡುಗರು ಮುಚ್ಚಿಡುವುದು ಬೇರೆ: ಮೊಬೈಲು, ಗುಟ್ಕಾ, ಕಡಿಮೆ ಬಿದ್ದ ಅಂಕ. ಎಸ್ಸೆಸ್ಸೆಲ್ಸಿಗೆ ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಸರ್ಕಾರವೇ ಮತ್ತೊಮ್ಮೆ ಬರೆ ಎನ್ನುತ್ತಿರುವಾಗ ಮನೆಯಲ್ಲಿ ಮೊದಲ ಫಲಿತಾಂಶಕ್ಕೇ ಬಡಿಗೆ ಹಿಡಿಯುವುದೇಕೆ?

ನಮ್ಮ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಬಳ್ಳಿ ಸವರುವ ಅಕ್ಟೋಬರ್ ಚಾಟ್ನಿಯಿಂದ ಮುಂದೆ ಉಸಿರಾಡಲೂ ಪುರುಸೊತ್ತಿಲ್ಲ ಎಂಬುದು ಗೊತ್ತು. ಮಕ್ಕಳ ಜೊತೆ ಮಾತಿಗೆ ಬೇರೆ ವೇಳೆ ಬೇಡ. ಎದುರಿಗೆ ಕೂಡಿಸಿಕೊಂಡು ವಿಚಾರಣೆಗೆ ಇಳಿದರೆ ಈ ವಯಸ್ಸಿನವರು ತುಟಿ ಬಿಚ್ಚುವುದಿಲ್ಲ. ಜೊತೆಯಲ್ಲಿ ಒಣದ್ರಾಕ್ಷಿ ಆರಿಸುವಾಗ, ಬೈಕಿನ ಹಿಂದೆ ಕೂತು ಸಂತೆಗೆ ಹೋಗುವಾಗ ತಾವಾಗಿಯೇ ಹೇಳುತ್ತಾರೆ. ಆಗ ನಡುವೆ ಬಾಯಿ ಹಾಕದಿದ್ದರೆ ಸಾಕು. ದುಡಿಯಲು ಗೋವಾಕ್ಕೋ ಮಹಾರಾಷ್ಟ್ರಕ್ಕೋ ಹೋದವರ ಮಕ್ಕಳು ಆಯಿ, ಮುತ್ಯಾನ ಹತ್ತಿರ ಇರುತ್ತಾರೆ, ಅವರಿಗೆ ರಾತ್ರಿಯ ಫೋನಿನಲ್ಲಿ “ಓದಿದ್ಯಾ?” ಒಂದನ್ನು ಬಿಟ್ಟು ಬೇರೇನಾದರೂ ಕೇಳಿ.

ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಹಕ್ಕುಗಳ ಗ್ರಾಮಸಭೆ ನಡೆಸಬೇಕೆಂಬ ನಿಯಮವಿದೆ. ಕುಂದಾಪುರ ಭಾಗದ ಹಳ್ಳಿಗಳಲ್ಲಂತೂ 1990ರ ದಶಕದಲ್ಲೇ ಮಕ್ಕಳ ಪಂಚಾಯಿತಿಗಳು ಹುಟ್ಟಿದ್ದವು. ಇಂಥ ಸಭೆಗಳಲ್ಲಿ ಮಕ್ಕಳು ಮೈಕು ಹಿಡಿದು ಬಸ್ಸು, ಶೌಚಾಲಯ, ಬೀದಿದೀಪ ಕೇಳುತ್ತಾರೆ. ಪಿಡಿಒ ಎದ್ದು ಉತ್ತರ ಕೊಡುತ್ತಾರೆ. ಪಂಚಾಯಿತಿಯಲ್ಲಿ ಸಿಗುವ ಆ ಉತ್ತರ ಅದೇ ಮಕ್ಕಳಿಗೆ ಮನೆಯಲ್ಲಿ ಸಿಗುತ್ತಿಲ್ಲ. ಪಂಚಾಯಿತಿಯವರೇ, ಈ ಸಲದ ಸಭೆಗೆ ಅಪ್ಪ ಅವ್ವಂದಿರನ್ನೂ ಕರೆಯಿರಿ. ಮುಂದಿನ ಸಾಲಿನಲ್ಲಿ ಕೂಡ್ರಿಸಿ. ವಸ್ತಿಯಿಂದ ಶಾಲೆಯವರೆಗಿನ ದಾರಿಯ ವಿಷಯವನ್ನೇ ಮೊದಲು ಎತ್ತಿಕೊಳ್ಳಿ.