ಜೇಲಿನಿಂದ ಬಂದವನಿಗೆ ಜಾಮೀನು ಯಾರು?

ಧರ್ಮದ ಹೆಸರಿನಲ್ಲಿ ಆಯುಧ ಹಿಡಿದವನು ಶಿಕ್ಷೆ ಮುಗಿಸಿ ಊರಿಗೆ ಬಂದರೆ ಅವನನ್ನು ಏನು ಮಾಡಬೇಕು? ಇದು ದಿಲ್ಲಿಯವರಿಗೆ ಬಿಡುವ ಪ್ರಶ್ನೆಯಲ್ಲ. ನಮ್ಮ ತಾಂಡೂರು 1956ರ ತನಕ ಗುಲ್ಬರ್ಗ ಜಿಲ್ಲೆಯಲ್ಲಿತ್ತು, ನಾರಾಯಣಖೇಡ ಬೀದರಿನಲ್ಲಿ. ರಜಾಕಾರರ ಹಾವಳಿ, ಆಮೇಲಿನ ಸೇಡು, ಎರಡನ್ನೂ ಈ ಸೀಮೆ ಉಂಡಿದೆ.

1948ರ ಮೇ ತಿಂಗಳಲ್ಲಿ ಗೋರಟಾದ ಹತ್ಯಾಕಾಂಡ ನಡೆಯಿತು. ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂತು. ನಾಯಕ ಕಾಸಿಂ ರಜವಿಗೆ ಕೋರ್ಟು ಶಿಕ್ಷೆ ಕೊಟ್ಟಿತು. 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. ಆದರೆ ಲಾಠಿ ಹಿಡಿದು ಅವನ ಹಿಂದೆ ಓಡಿದವನಿಗೆ ಕರಾಚಿ ಎಲ್ಲಿತ್ತು? ಅವನ ಮನಿ, ಎತ್ತು, ಸಾಲ ಎಲ್ಲಾ ಇಲ್ಲೇ. ಜೇಲಿನ ಬಾಗಿಲು ತೆರೆಯಿತು, ಊರಿನ ಬಾಗಿಲ ಬಗ್ಗೆ ಯಾರೂ ಯೋಚಿಸಲಿಲ್ಲ.

ಅಷ್ಟರಲ್ಲಿ ಸೇಡು ತನ್ನ ಕೆಲಸ ಮುಗಿಸಿತ್ತು. ಸೈನಿಕ ಕಾರ್ಯಾಚರಣೆಯ ವೇಳೆ ಮತ್ತು ಆನಂತರ ಸಂಸ್ಥಾನದಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಪಂಡಿತ ಸುಂದರಲಾಲ್ ಸಮಿತಿ ಅಂದಾಜು ಮಾಡಿತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗ, ಬೀದರ್ ಎರಡೂ ಇವೆ. ರಜಾಕಾರರ ಮುಖ ಕೂಡ ನೋಡದ ಬಡವರೂ ಸತ್ತರು. ಆ ವರದಿ ಜನರ ಕೈಗೆ ಸಿಕ್ಕಿದ್ದು 2013ರಲ್ಲಿ! ಲೆಕ್ಕದ ಪುಸ್ತಕ ಮುಚ್ಚಿಟ್ಟ ಅಂಗಡಿಯಲ್ಲಿ ಯಾರು ಉದ್ದರಿ ಕೊಡ್ತಾರೆ, ವ್ಯಾಪಾರಸ್ಥರೇ ಹೇಳಿ.

ಅದೇ ವರದಿಯಲ್ಲಿ ಇನ್ನೊಂದು ಮಾತಿದೆ. ಒಂದು ಕಡೆ ಹಿಂದೂ ನೇಕಾರರು ತಮ್ಮ ಜೀವ ಕೊಟ್ಟು ಮುಸ್ಲಿಂ ನೇಕಾರರನ್ನು ಉಳಿಸಿದರು. ಭಾಷಣದಿಂದಲ್ಲ, ಒಂದೇ ಕಸುಬಿನ ನಂಟಿನಿಂದ. ನನ್ನ ವಾದಕ್ಕೆ ಇದೇ ಬುನಾದಿ.

ಸಿಂಗಪುರದಲ್ಲಿ 2003ರಿಂದ ಧರ್ಮಗುರುಗಳೇ ಜೇಲಿಗೆ ಹೋಗಿ ಉಗ್ರವಾದಿಗಳ ತಪ್ಪು ತಿಳಿವಳಿಕೆ ತಿದ್ದುತ್ತಾರೆ. ಅವರ ಹೆಂಡತಿ ಮಕ್ಕಳ ಜೀವನ, ಶಾಲೆ ನೋಡಿಕೊಳ್ಳಲು ಬೇರೆ ಗುಂಪಿದೆ. 'ಕೊಂದವನಿಗೆ ಕೂಳು ಯಾಕೆ?' ಅಂತ ಕೆಲವರು ಸಿಟ್ಟಾಗ್ತಾರೆ. ಸಿಟ್ಟು ನ್ಯಾಯವಾದದ್ದೇ. ಅದಕ್ಕೇ ಮೊದಲ ಪರಿಹಾರ ಮನೆಯವರನ್ನು ಕಳಕೊಂಡವರಿಗೆ ಮುಟ್ಟಬೇಕು, ಅವರ ಮಾತು ದಾಖಲಾಗಬೇಕು. ಕೊಲೆಗೆ ಕೋರ್ಟಿನ ಶಿಕ್ಷೆ ಆಗಲೇಬೇಕು, ರಿಯಾಯಿತಿ ಬೇಡ. ಶಿಕ್ಷೆ ಮುಗಿದ ಮೇಲೂ ಕೂಲಿ ಕೊಡದೆ, ಬಾಡಿಗೆ ಮನೆ ಕೊಡದೆ ಅಟ್ಟಿದರೆ ಅವನನ್ನು ಕರೆದು ಊಟ ಹಾಕುವವರು ಆ ಹಳೇ ಗುಂಪಿನವರೇ.

ತೆಲುಗಿನ ನಮ್ಮಕಂ, ಕನ್ನಡದ ನಂಬಿಕೆ, ಎರಡೂ ಒಂದೇ ಬೇರಿನವು. ಯಾವ ಧರ್ಮದವನೇ ಬರಲಿ, ಅವನ ಧರ್ಮದ ಒಬ್ಬ ಹಿರಿಯರು, ಬೇರೆ ಧರ್ಮದ ಒಬ್ಬ ಸಾವುಕಾರರು ಜಾಮೀನು ನಿಲ್ಲಲಿ. ತಾಂಡೂರಿನ ಕಲ್ಲಿನ ಪಾಲಿಶ್ ಕೆಲಸದಲ್ಲೋ ತೊಗರಿ ಮಾರುಕಟ್ಟೆಯ ಹಮಾಲಿಯಲ್ಲೋ ಅವನನ್ನು ಹತ್ತು ಜನರ ನಡುವೆ ದುಡಿಯಲು ಹಚ್ಚಲಿ, ವಾರಕ್ಕೊಮ್ಮೆ ಎಲ್ಲರಂತೆ ಬಟವಾಡೆ ಕೊಡಲಿ. ಪೊಲೀಸರು ಕಣ್ಣಿಟ್ಟಿರಲಿ, ಆದರೆ ದಿನಾ ಠಾಣೆಗೆ ಕರೆದು ಅವನ ಕೂಲಿ ಕೆಡಿಸಬಾರದು.