ನಾಳೆಯ ಲೆಕ್ಕ ಇಂದೇ ಬರೆಯೋಣ

ಮಾರ್ಚ್ ತಿಂಗಳು ಬಂತೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಲೆಕ್ಕದ ನೆನಪಾಗುತ್ತದೆ. ಬಿಲ್ಲುಗಳ ಕಟ್ಟನ್ನು ಆಡಿಟರ್ ಕಚೇರಿಗೆ ಮುಟ್ಟಿಸಿ, ಅವರು ತೋರಿಸಿದಲ್ಲಿ ಸಹಿ ಹಾಕಿದರೆ ಆ ವರ್ಷದ ಕೆಲಸ ಮುಗಿಯಿತು. ಆದರೆ ಅದು ಆಗಿಹೋದದ್ದರ ಲೆಕ್ಕ. ಬರುವ ತಿಂಗಳು ಎಷ್ಟು ಊಟ ಹೋಗಬಹುದು, ಊಟವೊಂದಕ್ಕೆ ಎಷ್ಟು ಖರ್ಚು ಬೀಳಬಹುದು, ಸಂಬಳದ ದಿನ ಕೈಯಲ್ಲಿ ಎಷ್ಟು ಹಣ ಇರಬಹುದು, ಈ ಮೂರು ಪ್ರಶ್ನೆಗಳಿಗೆ ಮುಂಚಿತವಾಗಿ ಬರೆದಿಟ್ಟ ಉತ್ತರವೇ ಬಜೆಟ್. ವಡೋದರಾದ ಮಕರಪುರ ಜಿಐಡಿಸಿಯಂಥ ಕೈಗಾರಿಕಾ ಪ್ರದೇಶದಲ್ಲಿ ಹೋಟೆಲ್, ಕ್ಯಾಂಟೀನ್ ನಡೆಸುವ ನಮಗೆ ಇದು ಇನ್ನು ಬೇಕಾದರೆ ಮಾಡುವ ಕೆಲಸವಲ್ಲ, ಮಾಡಲೇಬೇಕಾದ ಕೆಲಸ ಎಂಬುದು ನಮ್ಮ ಅಭಿಪ್ರಾಯ.

'ನಮ್ಮ ಹಿರಿಯರು ಬಜೆಟ್ ಬರೆದು ಹೋಟೆಲ್ ಕಟ್ಟಿದರೇ?' ಎಂದು ಕೇಳುವವರಿದ್ದಾರೆ. ಬರೆಯಲಿಲ್ಲ, ನಿಜ. ಆದರೆ ಮಾಡದೆ ಇರಲಿಲ್ಲ. ನಾಳೆಯ ಇಡ್ಲಿಗೆ ಇಂದು ರಾತ್ರಿ ಎಷ್ಟು ಸೇರು ಅಕ್ಕಿ, ಉದ್ದು ರುಬ್ಬಬೇಕು ಎಂದು ನಿರ್ಧರಿಸುವುದೇ ಒಂದು ಮುನ್ನಂದಾಜು. ಗಲ್ಲಾದಲ್ಲಿ ತಾವೇ ಕುಳಿತು, ಬಂದ ಗಿರಾಕಿಯ ಮುಖ ನೋಡುತ್ತಿದ್ದ ಅವರಿಗೆ ಆ ಲೆಕ್ಕ ತಲೆಯಲ್ಲೇ ಇತ್ತು. ಇಂದು ಒಬ್ಬೊಬ್ಬರಿಗೆ ಒಂದು ಹೋಟೆಲ್, ಎರಡು ಕ್ಯಾಂಟೀನ್. ಒಂದು ಕಡೆ ಭಟ್ಟರು, ಇನ್ನೊಂದು ಕಡೆ ಮ್ಯಾನೇಜರು. ಯಜಮಾನನ ತಲೆಯೊಳಗಿನ ಲೆಕ್ಕ ಅವರಿಗೆ ಕಾಣುವುದಿಲ್ಲ. ಕಾಗದದ ಮೇಲಿದ್ದರೆ ಕಾಣುತ್ತದೆ.

ಒಂದು ಉದಾಹರಣೆ ನೋಡೋಣ. ದಿನಕ್ಕೆ 300 ಊಟ, ತಿಂಗಳಿಗೆ 26 ದಿನ, ಊಟಕ್ಕೆ 60 ರೂಪಾಯಿಯಂತೆ ವರ್ಷಕ್ಕೆ ಒಪ್ಪಂದವಾಗಿದೆ ಎನ್ನಿ. ಖರ್ಚು 55 ರೂಪಾಯಿ. ತಿಂಗಳ ಲಾಭ 39,000. ಬೇಳೆ, ಎಣ್ಣೆ, ಗ್ಯಾಸ್ ಸೇರಿ ಊಟಕ್ಕೆ ಕೇವಲ 4 ರೂಪಾಯಿ ಏರಿದರೆ 31,200 ಹೋಯಿತು, ಉಳಿದದ್ದು 7,800. 2015ರಲ್ಲಿ ತೊಗರಿ ಬೇಳೆಯೂ 2023ರಲ್ಲಿ ಟೊಮೇಟೊವೂ ಏರಿದ್ದನ್ನು ನಾವೆಲ್ಲ ಕಂಡಿದ್ದೇವೆ. 19 ಕಿಲೋ ಸಿಲಿಂಡರಿನ ದರ ತಿಂಗಳ ಮೊದಲ ದಿನ ಬದಲಾಗುತ್ತದೆ. ನಮ್ಮ ಒಪ್ಪಂದದ ದರ ಮಾತ್ರ ವರ್ಷವಿಡೀ ಹಾಗೇ ಇರುತ್ತದೆ.

ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಊಟ ತಿಂಡಿಯ ದರ ಕಟ್ಟಿಹಾಕಿದಾಗ ಬೆಂಗಳೂರಿನ ಎಂಟಿಆರ್‌ನಂಥ ಹೆಸರಾಂತ ಹೋಟೆಲೇ ಬಾಗಿಲು ಹಾಕಬೇಕಾಯಿತು. ಸಂಸ್ಥೆ ಮಸಾಲೆ ಪುಡಿ, ದಿಢೀರ್ ಮಿಶ್ರಣಗಳತ್ತ ಹೊರಳಿ ಉಳಿದುಕೊಂಡಿತು. ಅಲ್ಲಿ ದರ ಕಟ್ಟಿದ್ದು ಸರ್ಕಾರ. ಇಲ್ಲಿ ಟೆಂಡರ್ ಕೈತಪ್ಪೀತೆಂದು ನಾವೇ ಕಡಿಮೆ ದರ ಬರೆದು ನಮ್ಮ ಕೈ ಕಟ್ಟಿಕೊಳ್ಳುತ್ತೇವೆ.

ಈ ಪೈಪೋಟಿ ಇನ್ನೂ ಹೆಚ್ಚಲಿದೆ. 1948ರ ಕಾರ್ಖಾನೆ ಕಾಯಿದೆಯಲ್ಲಿ 250ಕ್ಕಿಂತ ಹೆಚ್ಚು ಕಾರ್ಮಿಕರಿದ್ದಲ್ಲಿ ಕ್ಯಾಂಟೀನಿನ ಕಡ್ಡಾಯ ಬರುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಗುತ್ತಿಗೆಯವರೂ ಸೇರಿ 100 ಎಂದಾಗಿದೆ. ಚಿಕ್ಕ ಕಾರ್ಖಾನೆಗಳೂ ನಮ್ಮನ್ನು ಕರೆಯಲಿವೆ. ಕೆಲಸ ಸಿಗುವುದು ಸಂತೋಷವೇ, ಆದರೆ ಖರ್ಚಿನ ಲೆಕ್ಕವಿಲ್ಲದೆ ಕೊಟೇಶನ್ ಕೊಟ್ಟರೆ ಕೆಲಸ ಹೆಚ್ಚಿದಷ್ಟೂ ನಷ್ಟ ಹೆಚ್ಚೀತು. ಕ್ಯಾಟರಿಂಗಿನ ಶೇ. 5 ಜಿಎಸ್‌ಟಿಯಲ್ಲಿ ಇನ್‌ಪುಟ್ ಕ್ರೆಡಿಟ್ ಇಲ್ಲ. ಗ್ಯಾಸು, ಪಾತ್ರೆ, ಯಂತ್ರಗಳ ಮೇಲೆ ಕಟ್ಟಿದ ತೆರಿಗೆಯೂ ನಮ್ಮ ಖರ್ಚೇ ಎಂಬುದನ್ನು ದರ ಹಾಕುವಾಗ ಮರೆಯಬಾರದು.

ಇನ್ನು ಉದ್ರಿ. ತಿಂಗಳ ಕೊನೆಗೆ ಬಿಲ್ ಕೊಟ್ಟು 45 ದಿನಕ್ಕೆ ಚೆಕ್ ಬಂದರೆ, ಒಂದನೇ ತಾರೀಕು ಬಡಿಸಿದ ಊಟದ ಹಣ ಕೈಸೇರಲು 75 ದಿನ. ಮೇಲಿನ ಉದಾಹರಣೆಯಲ್ಲಿ ತಿಂಗಳ ಖರ್ಚು 4,29,000. ಎರಡೂವರೆ ತಿಂಗಳಿಗೆ ಹತ್ತು ಲಕ್ಷದ ಮೇಲಾಯಿತು. ಅಷ್ಟು ಹಣ ಎಲ್ಲಿಂದ ಎಂದು ಮೊದಲೇ ಬರೆದಿಡದವರು ಬಡ್ಡಿಗೆ ಓಡಬೇಕಾಗುತ್ತದೆ. ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯಿದೆ ಹೇಳುತ್ತದೆ. ತಡವಾದರೆ ಬಡ್ಡಿಯೂ ಉಂಟು. ನೋಂದಣಿ ಮಾಡಿಸದವರು ಕೂಡಲೇ ಮಾಡಿಸಿರಿ.

ಅಂದಾಜು ಮಾಡಲು ಕಂಪ್ಯೂಟರ್ ಬೇಕೆಂದಿಲ್ಲ. ಗೋಡೆಯ ಪಂಚಾಂಗ ಸಾಕು. ದೀಪಾವಳಿಗೆ ಕಾರ್ಖಾನೆಗಳಿಗೆ ರಜೆ. ಜನವರಿ 14, 15 ಉತ್ತರಾಯಣ, ಊರೆಲ್ಲ ಮಾಳಿಗೆಯ ಮೇಲೆ. ಶ್ರಾವಣದಲ್ಲಿ, ನವರಾತ್ರಿಯಲ್ಲಿ ಉಪವಾಸದವರು ಹೆಚ್ಚು, ಕ್ಯಾಂಟೀನಿನ ಊಟ ಇಳಿಯುತ್ತದೆ. ಆದರೆ ಗರ್ಬಾ ಮುಗಿಸಿದವರಿಗೆ ರಾತ್ರಿ ದೋಸೆ ಬೇಕು. ಹೋಳಿಗೆ ಉತ್ತರದ ಕಾರ್ಮಿಕರು ಊರಿಗೆ ಹೊರಡುತ್ತಾರೆ. ಇವನ್ನೆಲ್ಲ ವರ್ಷದ ಮೊದಲೇ ಗುರುತು ಹಾಕಿಕೊಳ್ಳಬಹುದು. ಗುರುತು ಹಾಕಲಾಗದ್ದೂ ಇದೆ: 2024ರ ಆಗಸ್ಟ್‌ನಲ್ಲಿ ವಿಶ್ವಾಮಿತ್ರಿ ಉಕ್ಕಿ ವಡೋದರಾ ದಿನಗಟ್ಟಲೆ ನೀರಲ್ಲಿ ನಿಂತಿತು. ಅದಕ್ಕೆಂದು ಒಂದು ತಿಂಗಳ ಬಾಡಿಗೆ, ಸಂಬಳದಷ್ಟು ಹಣ ಬೇರೆ ಇಡುವುದೂ ಬಜೆಟ್ಟೇ.

ನಮ್ಮ ಸಲಹೆ ಇಷ್ಟು. ಮೂರು ಹಾಳೆ ಇಡಿ. ಮೊದಲನೆಯದರಲ್ಲಿ ವಾರವಾರದ ಊಟದ ಸಂಖ್ಯೆ. ಎರಡನೆಯದರಲ್ಲಿ ಊಟವೊಂದರ ಖರ್ಚು: ದಿನಸಿ, ತರಕಾರಿ, ಗ್ಯಾಸ್, ಸಂಬಳ, ಬಾಡಿಗೆ ಮತ್ತು ಇತರೆ. ಮೂರನೆಯದರಲ್ಲಿ ಮುಂದಿನ ಎಂಟು ವಾರ ಬರುವ, ಹೋಗುವ ಹಣ. ಪ್ರತಿಯೊಂದಕ್ಕೂ ಎರಡು ಕಾಲಂ, ಒಂದು ಅಂದಾಜಿಗೆ, ಒಂದು ನಡೆದದ್ದಕ್ಕೆ. ವಾರಕ್ಕೊಮ್ಮೆ ಭಟ್ಟರು, ಮ್ಯಾನೇಜರರೊಡನೆ ಅರ್ಧ ಗಂಟೆ ಕುಳಿತು ಎರಡನ್ನೂ ಹೋಲಿಸಿ. ಅಂದಾಜು ತಪ್ಪಿದರೆ ಯಾರನ್ನೂ ಬೈಯಬೇಡಿ, ಬೈದರೆ ಮುಂದಿನ ವಾರ ಸುಳ್ಳು ಅಂಕಿ ಬರುತ್ತದೆ. ಯಾಕೆ ತಪ್ಪಿತೆಂದು ಕೇಳಿ, ಬರೆದಿಡಿ.

ಈ ಹಾಳೆಗಳು ಕೈಯಲ್ಲಿದ್ದರೆ ಕಾರ್ಖಾನೆಯ ಅಧಿಕಾರಿಯ ಮುಂದೆ ದರ ಪರಿಷ್ಕರಣೆ ಕೇಳಲು ಧೈರ್ಯವಿರುತ್ತದೆ. ಬಾಯಿಮಾತಿನ ಗೋಳಿಗೆ ಯಾರೂ ಬೆಲೆ ಕೊಡುವುದಿಲ್ಲ, ಆರು ತಿಂಗಳ ಅಂಕಿಗೆ ಕೊಡುತ್ತಾರೆ. ಬೇಳೆ, ಎಣ್ಣೆ, ಗ್ಯಾಸಿನ ದರ ಇಂತಿಷ್ಟು ಏರಿದರೆ ಊಟದ ದರವೂ ಏರತಕ್ಕದ್ದು ಎಂಬ ಷರತ್ತನ್ನು ಪ್ರತಿಯೊಂದು ಹೊಸ ಒಪ್ಪಂದದಲ್ಲೂ ಸೇರಿಸೋಣ. ಒಬ್ಬರು ಕೇಳಿದರೆ ಕೆಲಸ ಪಕ್ಕದವನಿಗೆ ಹೋದೀತು, ಎಲ್ಲರೂ ಕೇಳಿದರೆ ಅದೇ ಪದ್ಧತಿಯಾಗುತ್ತದೆ. ಸಂಘವಿರುವುದು ಇದಕ್ಕಾಗಿಯೇ.