ಮೂರು ಘಟಕದ ಸಂಸಾರ

ತಿಂಗಳ ಮೊದಲ ವಾರ ಬಂದರೆ ಸಾಕು, ನಮ್ಮಂಥ ಗುಮಾಸ್ತರಿಗೆ ಉಪದೇಶದ ಬರಗಾಲವಿಲ್ಲ. ಬ್ಯಾಂಕಿನವರು, ವಿಮೆಯವರು, ಪತ್ರಿಕೆಗಳ ಹಣಕಾಸು ಅಂಕಣದವರು, ಎಲ್ಲರ ಬಾಯಲ್ಲೂ ಒಂದೇ ಸೂತ್ರ: ಸಂಬಳದ ಅರ್ಧ ಅಗತ್ಯಗಳಿಗೆ, ನೂರಕ್ಕೆ ಮೂವತ್ತು ಇಷ್ಟದ ಖರ್ಚಿಗೆ, ಇಪ್ಪತ್ತು ಉಳಿತಾಯಕ್ಕೆ. ಸೂತ್ರ ಅಮೆರಿಕದಿಂದ ಬಂದದ್ದು. ಅಲ್ಲಿಯ ಸಂಸಾರಕ್ಕೆ ಒಪ್ಪೀತು. ಸೇಡಂ, ಚಿಂಚೋಳಿ, ಬೀದರ, ರಾಯಚೂರುಗಳ ಕಡೆ ತಂದೆತಾಯಿಯರನ್ನು ಬಿಟ್ಟು ಇಲ್ಲಿ ಕಾಚಿಗುಡದಲ್ಲೋ ಬರ್ಕತ್‌ಪುರದಲ್ಲೋ ಬಾಡಿಗೆಗಿರುವ ಕನ್ನಡಿಗರು ಊರಿಗೆ ಕಳಿಸುವ ಹಣವನ್ನು ಈ ಮೂರರಲ್ಲಿ ಯಾವುದಕ್ಕೆ ಸೇರಿಸಬೇಕು? ಇಷ್ಟದ ಖರ್ಚಿಗೇ?

ನಮ್ಮ ಸರ್ಕಾರದ ಲೆಕ್ಕವೂ ಬೇರೆಯಿಲ್ಲ. 1957ರಲ್ಲಿ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಕನಿಷ್ಠ ವೇತನಕ್ಕೆ ಒಂದು ಅಳತೆ ಹಾಕಿಕೊಟ್ಟಿತು. ದುಡಿಯುವವನ ಸಂಸಾರವೆಂದರೆ ಮೂರು ಬಳಕೆ ಘಟಕ. ಘಟಕವೊಂದಕ್ಕೆ ದಿನಕ್ಕೆ 2,700 ಕ್ಯಾಲರಿ, ಸಂಸಾರಕ್ಕೆಲ್ಲ ವರ್ಷಕ್ಕೆ 72 ಗಜ ಬಟ್ಟೆ. 2015ರಲ್ಲಿ ಏಳನೇ ವೇತನ ಆಯೋಗ ಇದೇ ಅಳತೆ ಹಿಡಿದು 18,000 ರೂಪಾಯಿಗೆ ಬಂದು ನಿಂತಿತು. ಗಂಡ 1, ಹೆಂಡತಿ 0.8, ಮಕ್ಕಳಿಬ್ಬರು ತಲಾ 0.6, ಕೂಡಿದರೆ 3. ಬಿ.ಎಸ್ಸಿ. ಓದಿದವರಿಗೂ ಈ ಸಂಕಲನದಲ್ಲಿ ತಪ್ಪು ಸಿಗದು. ಅಪ್ಪ ಅವ್ವ ಎಲ್ಲಿ? ಸೊನ್ನೆ. ಇದೇ ಸರ್ಕಾರ 2007ರಲ್ಲಿ ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ ತಂದಿತು. ನೋಡಿಕೊಳ್ಳದ ಮಕ್ಕಳಿಂದ ತಿಂಗಳ ಜೀವನಾಂಶ ಕೊಡಿಸಲು ನ್ಯಾಯಮಂಡಳಿಯೂ ಇದೆ. ಕೊಡುವಾಗ ಲೆಕ್ಕದಲ್ಲಿಲ್ಲದ ತಂದೆ ವಸೂಲಿಯ ಹೊತ್ತಿಗೆ ಎಲ್ಲಿಂದ ಬಂದರು?

(ಮನೆಯಾಕೆಯ 0.8ರ ಬಗ್ಗೆ ಬರೆಯಹೊರಟರೆ ಸಂಪಾದಕರು ಕೊಟ್ಟ ಪುಟ ಸಾಲದು. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವವಳ ಅಳತೆ ಯಾರು ತೆಗೆದರೋ!)

ವೇತನ ಆಯೋಗದ ಮುಂದೆ ನೌಕರರ ಸಂಘಗಳು ವಾದಿಸಲಿ. ನಮ್ಮ ತಕರಾರು ಮನೆಯ ಲೆಕ್ಕದ ಪುಸ್ತಕದ ಮೇಲೆ. ಅಲ್ಲಿಯೂ ಮೂರು ಘಟಕವೇ ಬಂದು ಕುಳಿತಿದೆ. ಬಾಡಿಗೆ, ಶಾಲೆ, ಹಾಲು, ಗ್ಯಾಸ್, ಸಾಲದ ಕಂತು ಒಂದೊಂದಕ್ಕೂ ತನ್ನದೇ ಸಾಲು. ಊರಿನ ಹಣ ಮಾತ್ರ ಕಟ್ಟಕಡೆಗೆ, ‘ಇತರೆ’ ಎಂಬುದರ ಕೆಳಗೆ, ಚಪ್ಪಲಿ ರಿಪೇರಿಯ ಜೊತೆ. ಇಪ್ಪತ್ತನೇ ತಾರೀಖಿಗೆ ಕೈ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ‘ಇತರೆ’ಗೇ. ಶಾಲೆಯವರು ನೋಟೀಸು ಕಳಿಸುತ್ತಾರೆ, ಮನೆಯ ಮಾಲೀಕರು ಬಾಗಿಲು ತಟ್ಟುತ್ತಾರೆ. ಬಿ.ಪಿ. ಗುಳಿಗೆಯನ್ನು ದಿನ ಬಿಟ್ಟು ದಿನ ನುಂಗುವ ತಂದೆ ಫೋನಿನಲ್ಲಿ ‘ಎಲ್ಲಾ ಚೊಲೋ ಅದ’ ಎನ್ನುತ್ತಾರೆ. ನಮಗೆ ಇಲ್ಲಿ ಕೇಂದ್ರ ಸರ್ಕಾರದ ದವಾಖಾನೆಯಿದೆ. ಅದು ಸೇಡಂ ತಾಲೂಕಿನ ಹಳ್ಳಿಗೆ ಹೋಗುವುದಿಲ್ಲ.

ಆದ್ದರಿಂದ ನಾವು ಕೇಳುವುದಿಷ್ಟು. ಆಯವ್ಯಯದಲ್ಲಿ ಬಾಡಿಗೆಯ ಕೆಳಗಿನ ಸಾಲೇ ‘ಊರು’ ಆಗಲಿ. ಮೊತ್ತ ಸಣ್ಣದಿದ್ದರೂ ಗೊತ್ತುಪಡಿಸಿ, ಸಂಬಳ ಬಂದ ದಿನವೇ ಕಳಿಸಬೇಕು. ಔಷಧಿ ಬೇರೆ ಸಾಲು. ಶಾಲೆಯ ಫೀ, ಹಬ್ಬ, ಜಾತ್ರೆಗೆ ಹೋಗಿಬರುವ ರೈಲು, ಇವೆಲ್ಲ ವರ್ಷದ ಖರ್ಚು. ಹನ್ನೆರಡರಿಂದ ಭಾಗಿಸಿ ತಿಂಗಳಿಗೆ ಇಷ್ಟೆಂದು ಎತ್ತಿಡದಿದ್ದರೆ ಜೂನ್ ತಿಂಗಳು ಊರಿನ ಸಾಲನ್ನೇ ನುಂಗುತ್ತದೆ. ಜನವರಿಯ ತುಟ್ಟಿಭತ್ಯೆ ಸಾಮಾನ್ಯವಾಗಿ ಮಾರ್ಚಿನಲ್ಲಿ ಘೋಷಣೆಯಾಗಿ ಬಾಕಿ ಒಟ್ಟಿಗೆ ಕೈಸೇರುತ್ತದೆ. ಅದರ ಅರ್ಧ ಹಿರಿಯರ ಆಸ್ಪತ್ರೆ ನಿಧಿಗೆ ಹೋಗಲಿ. ಕೈಗೆ ಬರುವ ಮೊದಲು ಮಾತ್ರ ಬರೆದುಕೊಳ್ಳಬಾರದು: 2020ರ ಜನವರಿ, ಜುಲೈ ಮತ್ತು 2021ರ ಜನವರಿಯ ಮೂರು ಕಂತು ತಡೆಹಿಡಿದರು, ಆ ಹದಿನೆಂಟು ತಿಂಗಳ ಬಾಕಿ ಬರಲೇ ಇಲ್ಲ.

‘ಹಾಗಾದರೆ ಮಕ್ಕಳ ಓದಿಗೆ ಕೊರತೆಯಾಗದೇ?’ ಎನ್ನುವವರಿದ್ದಾರೆ. ಮಕ್ಕಳ ಶಿಕ್ಷಣ ಭತ್ಯೆ 2024ರ ಜನವರಿಯಿಂದ ಮಗುವೊಂದಕ್ಕೆ ತಿಂಗಳಿಗೆ 2,812 ರೂಪಾಯಿ 50 ಪೈಸೆಯಾಯಿತು. ಖಾಸಗಿ ಶಾಲೆಯ ಫೀ ಮುಂದೆ ಅದು ಅಲ್ಪವೇ ಸರಿ, ಆದರೂ ಮಕ್ಕಳ ಸಾಲಿಗೆ ಸರ್ಕಾರದ ಒಂದು ಕೈಯಿದೆ. ತಂದೆತಾಯಿಯರ ಸಾಲಿಗೆ ಹಾಗೆ ಬರುವ ಭತ್ಯೆಯ ಹೆಸರು ಯಾರಾದರೂ ಹೇಳಲಿ.

ಇನ್ನು ಕೆಲವರು ಊರಿಗೆ ಕಳಿಸುವುದನ್ನು ‘ಸಹಾಯ’ ಎನ್ನುತ್ತಾರೆ. ಈ ಮಾತಿಗೆ ನಮಗೆ ಸಿಟ್ಟೇ ಬರುತ್ತದೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಅದೇ ತೊಗರಿಯ ಬೇಳೆ, ರಾಶಿ ಮುಗಿದ ಮೇಲೆ ಅವ್ವ ಹಸನುಮಾಡಿ ಕಟ್ಟಿ ಕಳಿಸಿದ್ದು, ನಮ್ಮಲ್ಲಿ ಎಷ್ಟು ಮನೆಗಳ ಡಬ್ಬಿಯಲ್ಲಿಲ್ಲ? ಜೋಳದ ಚೀಲ, ಕಾರದ ಪುಡಿ, ಮೊಮ್ಮಕ್ಕಳಿಗೆಂದು ಶೇಂಗಾ ಹಿಂಡಿ. ಇದನ್ನೆಲ್ಲ ಯಾವ ಪುಸ್ತಕದಲ್ಲಿ ಬರೆದಿದ್ದೇವೆ? ಕಳಿಸಿದ ಹಣ ಖರ್ಚಿನಲ್ಲಿದೆ, ಬಂದ ಬೇಳೆ ಎಲ್ಲಿಯೂ ಇಲ್ಲ. ಬೇಗಂಬಜಾರಿನ ದರದಲ್ಲಿ ಬೆಲೆ ಕಟ್ಟಿ ಜಮಾ ಕಡೆ ಬರೆಯಿರಿ: ಬೇಳೆ ಇಷ್ಟು ಕಿಲೋ, ಜೋಳ ಒಂದು ಚೀಲ, ಊರಿನಿಂದ. ಆಮೇಲೆ ಸಹಾಯ ಯಾರು ಯಾರಿಗೆ ಮಾಡುತ್ತಿದ್ದಾರೆಂದು ಮಾತಾಡೋಣ.